ಎಣಿಕೆಗೆ ಸೇರದ ಪೆಟ್ಟು

ಹಳಿಯಾಳ
೧೦ ಜೂನ್ ೧೯೬೩

ಶ್ರೀ ಲಗಮಪ್ಪನವರಿಗೆ ನಮಸ್ಕಾರಗಳು.

ತಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ನಾಗಲಿಂಗಪ್ಪ. ಧಾರವಾಡದಲ್ಲಿ ಕನ್ನಡ ಬಿ.ಎ. ಮುಗಿಸಿ, ಹೋದ ದೀಪಾವಳಿಯಿಂದ ಇಲ್ಲಿನ ಕೋರ್ಟಿನಲ್ಲಿ ಕಾರಕೂನನಾಗಿದ್ದೇನೆ. ಹಳೆಯ ಮರಾಠಿ ಕಾಗದಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ಕೋರ್ಟಿನ ಹಿಂದಿರುವ ಜೇಲಿನಲ್ಲಿ ತಾವು ಬಹಳ ವರ್ಷ ವಾರ್ಡರ್ ಆಗಿದ್ದಿರೆಂದು ಶಿಪಾಯಿ ಅಡಿವೆಯ್ಯ ಹೇಳಿದ. ವಿಳಾಸ ಕೊಟ್ಟವನೂ ಅವನೇ.

ಬರುವ ಸಂಕ್ರಾಂತಿಗೆ ಕೋರ್ಟು ಹೊಸ ಕಟ್ಟಡಕ್ಕೆ ಹೋಗುತ್ತದೆ. ಜೇಲು ಆಗಲೇ ಖಾಲಿಯಾಗಿದೆ. ಈ ಹಳೆಯ ಕಟ್ಟಡಕ್ಕೆ ಬೀಗ ಬೀಳುತ್ತದೆ, ಆಮೇಲೆ ಏನೆಂದು ಯಾರಿಗೂ ತಿಳಿಯದು. ಮುನ್ಸೀಫ್ ಸಾಹೇಬರು ನನ್ನನ್ನು ಕರೆದು, "ನೀವು ಸಾಹಿತ್ಯ ಓದಿದವರು. ಈ ಕಟ್ಟಡದ ಚರಿತ್ರೆಯನ್ನು ನಾಲ್ಕು ಪುಟ ಬರೆದು ಅವತ್ತು ಸಭೆಯಲ್ಲಿ ಓದಿರಿ" ಎಂದರು. ಸಭೆ ಎಂದರೆ ಈಗಿನಿಂದಲೇ ನನ್ನ ಕೈ ಬೆವರುತ್ತಿದೆ. ಬರೆಯುವುದಾದರೂ ಏನನ್ನು? ದಫ್ತರದಲ್ಲಿ ಕಲ್ಲಿನ ಲೆಕ್ಕವಿದೆ, ಹಂಚಿನ ಲೆಕ್ಕವಿದೆ. ಮನುಷ್ಯರಿಲ್ಲ. ಅವರ ವಿಷಯವನ್ನು ತಾವು ಹೇಳಬೇಕು.

ಇನ್ನೊಂದು ಕೋರಿಕೆ. ಜೇಲಿನ ಕಮಾನಿನಲ್ಲಿ ಕಂಚಿನ ದಪ್ಪ ತಟ್ಟೆ ತೂಗುತ್ತಿದೆ. ಊರವರು ಅದನ್ನು 'ತಾಸು' ಎನ್ನುತ್ತಾರೆ. ತಾವು ನಿವೃತ್ತರಾದ ಮೇಲೆ ಅದನ್ನು ಯಾರೂ ಹೊಡೆದಿಲ್ಲವಂತೆ. ಬೀಗ ಹಾಕುವ ದಿನ ತಾವು ಬಂದು ಕೊನೆಯ ತಾಸನ್ನು ಹೊಡೆಯಬೇಕು. ಮರುದಿನ ಅದು ಹಳೆಯ ಸಾಮಾನಿನ ಜೊತೆ ಲಿಲಾವಿಗೆ ಹೋಗುತ್ತದೆ.

ತಮ್ಮ ವಿಶ್ವಾಸಿ,
ನಾಗಲಿಂಗಪ್ಪ


ದಾಂಡೇಲಿ
೨೨ ಜೂನ್ ೧೯೬೩

ನಾಗಲಿಂಗಪ್ಪ ಸಾಹೇಬ್ರಿಗೆ ಲಗಮಪ್ಪನ ಶರಣು.

(ಬರೆಯುತ್ತಿರುವವಳು ಅವರ ಮಗಳು ಮಾಲವ್ವ. ಅಪ್ಪನಿಗೆ ಅಕ್ಷರ ಬರುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಆಣೆ ಹಾಕಿಸಿದ್ದಾರೆ. ಕಂಸದೊಳಗಿನದು ಮಾತ್ರ ನನ್ನದು.)

ನಿಮ್ಮ ಕಾಗದ ಮುಟ್ಟಿತ್ರಿ. ಅಡಿವೆಯ್ಯ ಇನ್ನೂ ಶಿಪಾಯಿನ ಅದಾನೇನು? ನನ್ನ ಕೊಡಿ ಒಯ್ದಾಂವ ಇನ್ನೂ ಕೊಟ್ಟಿಲ್ಲಂತ ಅವಗ ಹೇಳ್ರಿ. (ಕೊಡೆ ಒಯ್ದು ಏಳು ವರ್ಷವಾಯಿತು.)

ಆ ಕಟ್ಟಡ ಹೆಂಗ ಎದ್ದಿತು ಅಂತ ಕೇಳೀರಿ. ನಮ್ಮಪ್ಪ ಹೇಳ್ತಿದ್ದ. ಗೋರಾ ಸಾಹೇಬನ ಕಾಲದಾಗ ಜೋಯಿಡಾ ಅಡವಿಯಿಂದ ಸಾಗವಾನಿ ತೊಲಿ ಆನಿ ಎಳಕೊಂಡು ಬಂದ್ವಂತ. ಕಲ್ಲು ಕಡದವರು ಕೈದಿಗಳು. ಆವಾಗ ಜೇಲ ಇರಲಿಲ್ಲ, ಡೇರೇದಾಗ ಇಡ್ತಿದ್ರು. ಜೇಲು ಕಟ್ಟಿದವರೂ ಅವರ, ಮುಗದ ಮ್ಯಾಲ ಮೊದಲ ಒಳಗ ಹೋದವರೂ ಅವರ. ಅದಕ್ಕ ಗ್ವಾಡಿ ಅಷ್ಟು ಗಟ್ಟಿ. ತಾವು ಇರೂ ಮನಿ ಯಾರರ ಕಚ್ಚಾ ಕಟ್ತಾರೇನ್ರಿ? (ಇಲ್ಲಿ ಅಪ್ಪ ಬಹಳ ಹೊತ್ತು ನಕ್ಕರು. ಚಹಾ ಆರಿತು.)

ಮುಂದ ಕೋರ್ಟು, ಹಿಂದ ಜೇಲು, ನಡುವ ಅಂಗಳ. ಶಿಕ್ಷಾ ಆದಾಂವ ಅಂಗಳ ದಾಟಿದ್ರ ಆತು. ಅಡವಿ ಕಡದು ಕುಮರಿ ಬಿತ್ತಿದ ಕುಂಬಾರವಾಡದ ಮಂದಿ ದಾಟ್ಯಾರ, ನಲವತ್ತೆರಡರ ಚಳವಳಿಯವರು ದಾಟ್ಯಾರ. ಅವರೊಳಗ ಒಬ್ಬರು ಮುಂದ ವಕೀಲರಾಗಿ ಕರಿ ಕೋಟು ಹಾಕ್ಕೊಂಡು ಮುಂದಿನ ಬಾಗಿಲಿಂದ ಬರ್ತಿದ್ರು. ನನ್ನ ಕಂಡ್ರ, "ಲಗಮಣ್ಣಾ, ನನ್ನ ಖೋಲಿ ಖಾಲಿ ಐತೇನು?" ಅಂತಿದ್ರು.

ಇನ್ನ ತಾಸಿನ ಮಾತು. ಎಷ್ಟು ತಾಸು ಆತೋ ಅಷ್ಟು ಪೆಟ್ಟು, ಊರೆಲ್ಲಾ ಅದರ ಮ್ಯಾಲ ನಡೀತಿತ್ತು. ಯಾರನ್ನರ ಬಿಡುಗಡಿ ಮಾಡಿದ ದಿನ ಎಣಿಕಿ ಮುಗಿಸಿ, ಉಸಿರು ತಡದು, ಸಣ್ಣಗ ಒಂದು ಹೆಚ್ಚಿಗಿ ಪೆಟ್ಟು ಹಾಕ್ತಿದ್ದೆ. ಅದು ಸರಕಾರದ ಕಾನೂನಲ್ಲ, ನಮ್ಮಪ್ಪನಿಂದ ಬಂದದ್ದು. ದೂರದಿಂದ ನಡದು ಬಂದ ಮಂದಿ ಹೊರಗ ಹುಣಸಿ ಗಿಡದ ಬುಡಕ ಕುಂತಿರ್ತಿದ್ರು. ಆ ಪೆಟ್ಟು ಕೇಳಿದ್ರ ಎದ್ದು ನಿಲ್ತಿದ್ರು, ನಮ್ಮಾಂವ ಬಂದ ಅಂತ. ಹೊಸ ಸಾಹೇಬ್ರು ಬಂದಾಗೊಮ್ಮೆ "ನಿನಗ ಎಣಸಾಕ ಬರೂದಿಲ್ಲೇನೋ?" ಅಂತ ಬೈತಿದ್ರು. ಬೈಸಿಕೊಂಡೆ, ಹೇಳಲಿಲ್ಲ.

ಇಲ್ಲೆ ಗಿರಣಿ ಭೋಂಗಾ ಕೂಗ್ತೈತಿ. ಅದಕ್ಕ ಎಣಿಕಿನ ಇಲ್ಲ. ಸಂಕ್ರಾಂತಿಗೆ ಖರೇನ ಬರ್ತೇನಿ. ತಾಸು ಹೊಡಿಯೂ ನನ್ನ ಕೊಡತಿ ಹುಡುಕಿ ಇಡ್ರಿ. (ಈಗಲೇ ರುಮಾಲು ಒಗೆಸಿ ಗೂಟಕ್ಕೆ ಹಾಕಿದ್ದಾರೆ. ಅದನ್ನು ಯಾರೂ ಮುಟ್ಟುವಂತಿಲ್ಲ.)

ಲಗಮಪ್ಪನ ಹೆಬ್ಬೆಟ್ಟು


ಹಳಿಯಾಳ
೬ ಜುಲೈ ೧೯೬೩

ಪೂಜ್ಯ ಲಗಮಪ್ಪನವರಿಗೆ ನಮಸ್ಕಾರಗಳು.

ತಮ್ಮ ಪತ್ರವನ್ನು ಅಡಿವೆಯ್ಯನಿಗೆ ಓದಿ ಹೇಳಿದೆ. ಕೊಡೆಯ ಮಾತು ಬಂದಾಗ, "ಅದು ನಂದ ಆಗಿ ಏಳು ಮಳಿಗಾಲ ಆತಲ್ರಿ! ಮುದುಕಗ ಇನ್ನೂ ನೆನಪೈತಾ?" ಎಂದು ಸಿಟ್ಟಾದ. ಎರಡು ದಿನ ಬಿಟ್ಟು ಸುಮ್ಮನೆ ನನ್ನ ಮೇಜಿನ ಮೇಲೆ ತಂದಿಟ್ಟ. ಹಿಡಿಗೆ ಕೆಂಪು ದಾರ ಸುತ್ತಿದೆ. ಒಂದು ದಿನ ನಾನೇ ತಂದು ಒಪ್ಪಿಸುತ್ತೇನೆ.

ಹೆಚ್ಚಿಗೆ ಪೆಟ್ಟಿನ ಸಂಗತಿ ಓದಿದ ಮೇಲೆ ಹುಣಸೆ ಮರದ ಕೆಳಗೆ ಹೋಗಿ ಕುಳಿತು ಬಂದೆ. ಎಷ್ಟೋ ದಿನದಿಂದ ಅದರ ಕೆಳಗೇ ಸೈಕಲ್ ನಿಲ್ಲಿಸುತ್ತಿದ್ದೆ.

ಕೊಡತಿ ಸಿಕ್ಕಿತು. ಅಂಗಳದ ಮೂಲೆಯಲ್ಲಿ ಹೆಂಗಸರಿಗೆಂದು ಇದ್ದ ಸಣ್ಣ ಕೋಣೆಯ ಬಾಗಿಲ ಹಿಂದೆ ಇತ್ತು. ಆ ಕೋಣೆಯ ಬಗ್ಗೆ ದಫ್ತರದಲ್ಲಿ ಒಂದು ಸಾಲೂ ಇಲ್ಲ. ದಯವಿಟ್ಟು ಬರೆಸಿರಿ.

ಕಂಸದಲ್ಲಿರುವವರಿಗೂ ನಮಸ್ಕಾರ.

ನಾಗಲಿಂಗಪ್ಪ


ದಾಂಡೇಲಿ
೧೪ ಸಪ್ಟೆಂಬರ್ ೧೯೬೩

ನಾಗಲಿಂಗಪ್ಪನವರಿಗೆ ಲಗಮಪ್ಪನ ಶರಣು.

ಉತ್ತರ ತಡವಾಯಿತು. ಶ್ರಾವಣದಲ್ಲಿ ಸ್ವಲ್ಪ ಜ್ವರವಿತ್ತು. ಈಗ ಆರಾಮ.

ಹೆಂಗಸರ ಕೋಣೆಯ ಬಗ್ಗೆ ಕೇಳಿದಿರಿ. ನಮ್ಮ ಜೇಲಿಗೆ ಹೆಣ್ಣು ವಾರ್ಡರ್ ಇರಲಿಲ್ಲ. ಹೆಂಗಸೊಬ್ಬಳು ಶಿಕ್ಷೆಯಾಗಿ ಬಂದರೆ ವಾರ್ಡರನ ಹೆಂಡತಿಯೇ ಅವಳ ಜೊತೆ ಒಳಗಿರಬೇಕು. ನನ್ನ ಹೆಂಡತಿ ಯಲ್ಲವ್ವ ಹಾಸಿಗೆ ಸುತ್ತಿಕೊಂಡು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳು. ಹೊರಗಿನಿಂದ ಬೀಗ. ಯಾವ ತಪ್ಪೂ ಮಾಡದೆ ಆ ಜೇಲಿನಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಇದ್ದವಳು ಅವಳು.

ಒಮ್ಮೆ ಮುಂಡಗೋಡದ ಕಡೆಯ ತಾಂಡಾದಿಂದ ಕಮಲಿಬಾಯಿ ಮತ್ತು ಅವಳ ಗಂಡ ಸೋಮಲಪ್ಪ ಬಂದರು. ಸರಕಾರಿ ಅಡವಿಯಲ್ಲಿ ಸೌದೆ ಕಡಿದಿದ್ದರು. ಅವನಿಗೆ ಅಂಗಳದ ಆಚೆಯ ಖೋಲಿ, ಅವಳಿಗೆ ಈ ಕೋಣೆ. ಮಾತಾಡಕೂಡದು. ಕಮಲಿಬಾಯಿಯ ರವಿಕೆಯ ತುಂಬ ಕನ್ನಡಿ ಚೂರುಗಳಿದ್ದವು. ಅದರಿಂದ ಒಂದನ್ನು ಬಿಚ್ಚಿದಳು. ಮಧ್ಯಾಹ್ನ ಸರಳುಗಳ ನಡುವೆ ಬಿಸಿಲು ಇಳಿದಾಗ ಚೂರನ್ನು ಅದಕ್ಕೆ ಹಿಡಿಯುತ್ತಿದ್ದಳು. ಬೆಳಕಿನ ಬೊಟ್ಟು ಅಂಗಳ ದಾಟಿ ಗಂಡನ ಕಿಟಕಿಯ ಪಕ್ಕ ಹೋಗಿ ನಿಲ್ಲುತ್ತಿತ್ತು. ಒಳಗಿನಿಂದ ಅವನ ಕೈ ಬಂದು ಆ ಬೆಳಕಿನ ಮೇಲೆ ಕೂರುತ್ತಿತ್ತು. ಅಷ್ಟೇ. ಅದು ಅವರ ದಿನದ ಮಾತು.

ಕಮಲಿಬಾಯಿಯ ಮಡಿಲಿಗೆ ಒಲೆಯ ಹೊಗೆಯ ವಾಸನೆಯಿತ್ತು. ಹೋಗುವಾಗ ಕನ್ನಡಿ ಚೂರನ್ನು ಮಗುವಿನ ಲಂಗಕ್ಕೆ ಹೊಲಿದು ಹೋದಳು. ಅವತ್ತು ತಾಸಿನ ಎಣಿಕೆಯ ಮೇಲೆ ಎರಡು ಹೆಚ್ಚಿಗೆ ಪೆಟ್ಟು ಬಿದ್ದವು.

ಸಂಕ್ರಾಂತಿಗೆ ಬರುವ ವಿಚಾರ ಮುಂದೆ ನೋಡೋಣ.

ಲಗಮಪ್ಪ


ಹಳಿಯಾಳ
೨೯ ಸಪ್ಟೆಂಬರ್ ೧೯೬೩

ಪೂಜ್ಯ ಲಗಮಪ್ಪನವರಿಗೆ ನಮಸ್ಕಾರಗಳು.

ಕಾಯಿಲೆಯ ಸುದ್ದಿಗೆ ಮನಸ್ಸು ಕಳವಳಗೊಂಡಿತು. ಆರೋಗ್ಯ ನೋಡಿಕೊಳ್ಳಿರಿ.

ಪತ್ರವನ್ನು ಮತ್ತೆ ಮತ್ತೆ ಓದಿದೆ. ಊಟದ ಹೊತ್ತಿನಲ್ಲಿ ಅಡಿವೆಯ್ಯನ ಕ್ಷೌರದ ಕನ್ನಡಿ ತೆಗೆದುಕೊಂಡು ಆ ಕೋಣೆಗೆ ಹೋದೆ. ಬೆಳಕು ಅಂಗಳ ದಾಟುತ್ತದೆ! ಆಚೆ ಖೋಲಿಯಲ್ಲಿ ಅಡಿವೆಯ್ಯನನ್ನು ನಿಲ್ಲಿಸಿದ್ದೆ. ಅವನು ಕಿಟಕಿಯಿಂದ ಕೈ ಚಾಚಿ, "ಬಿ.ಎ. ಓದಿದ್ರ ಹಿಂಗ ಆಗ್ತೈತೇನ್ರಿ?" ಎಂದು ಕೂಗಿದ.

ಒಂದು ಸಂಕೋಚದ ಮಾತು. ಈ ಸಲ ಕಂಸಗಳು ಒಂದೂ ಇಲ್ಲ. ತಮ್ಮ ಮಾತೂ ಪುಸ್ತಕದ ಮಾತಿನ ಹಾಗಿದೆ. ಅಕ್ಷರವೇನೋ ಅದೇ. ಹಿಂದಿನ ಪತ್ರದಲ್ಲಿ ನಾನು ಕಂಸದವರಿಗೆ ನಮಸ್ಕಾರ ಬರೆದದ್ದು ಸಲುಗೆಯೆನಿಸಿ ಅವರಿಗೆ ಬೇಸರವಾಗಿದ್ದರೆ ಕ್ಷಮೆ ಇರಲಿ. ಅಥವಾ ಅವರ ಮದುವೆ ಗೊತ್ತಾಗಿ ಪುರುಸೊತ್ತಿಲ್ಲವೇನೋ. ಹಾಗಿದ್ದರೆ ನನ್ನ ಶುಭಾಶಯ ತಿಳಿಸಿರಿ.

ಸಭೆ ಜನವರಿ ಹದಿನೈದಕ್ಕೆ, ಬೆಳಿಗ್ಗೆ ಒಂಬತ್ತಕ್ಕೆ. ಹತ್ತಕ್ಕೆ ಕೊನೆಯ ತಾಸು. ತಾವು ಬರುವುದನ್ನು ಸಾಹೇಬರಿಗೆ ಹೇಳಿಬಿಟ್ಟಿದ್ದೇನೆ.

ನಾಗಲಿಂಗಪ್ಪ


ದಾಂಡೇಲಿ
೨೦ ಅಕ್ಟೋಬರ್ ೧೯೬೩

ನಾಗಲಿಂಗಪ್ಪನವರಿಗೆ ಲಗಮಪ್ಪನ ಶರಣು.

ಮಾಲವ್ವನ ಮದುವೆ ಗೊತ್ತಾಗಿಲ್ಲ. ಬೇಸರವೂ ಇಲ್ಲ. ಹೇಳುವುದು ಬಹಳ ಇರುವುದರಿಂದ ಕಂಸಕ್ಕೆ ಜಾಗ ಉಳಿಯಲಿಲ್ಲ, ಅಷ್ಟೇ.

ಕೋರ್ಟಿನ ಹಾಲಿನಲ್ಲಿ ಮೊದಲು ದೊಡ್ಡ ಬಟ್ಟೆಯ ಪಂಖಾ ತೂಗುತ್ತಿತ್ತು. ಅದರ ಹಗ್ಗ ಗೋಡೆಯ ಬುಡದ ತೂತಿನಿಂದ ಹಿಂದಿನ ಪಡಸಾಲೆಗೆ ಬರುತ್ತಿತ್ತು. ಎಳೆಯುವವನು ಅಲ್ಲಿ ಕೂರುತ್ತಿದ್ದ. ಆ ತೂತಿಗೆ ಕಣ್ಣಿಟ್ಟರೆ ಸಾಹೇಬರ ಮೇಜಿನ ಕೆಳಭಾಗ ಮಾತ್ರ ಕಾಣುತ್ತಿತ್ತು. ಅವರು ಬೂಟು ಕಳಚಿ ಕೂರುತ್ತಿದ್ದರು. ಮೇಲೆ ವಕೀಲರು ಎಷ್ಟೇ ಕೂಗಾಡಲಿ, ಶಿಕ್ಷೆ ಹೇಳುವ ಮೊದಲು ಸಾಹೇಬರ ಬಲಗಾಲು ಎಡಗಾಲನ್ನು ಮೆಲ್ಲಗೆ ಉಜ್ಜುತ್ತಿತ್ತು. ಆ ಕಾಲುಗಳನ್ನು ಕಂಡರೆ ಸಾಹೇಬರ ಮೇಲಿನ ಹೆದರಿಕೆಯೇ ಹೋಗುತ್ತಿತ್ತು.

ಸಂಕ್ರಾಂತಿಗೆ ನನಗೆ ಬರಲಾಗದು. ವಯಸ್ಸಾಯಿತು, ಬಸ್ಸಿನ ಕುಲುಕಾಟ ತಡೆಯದು. ತಾಸನ್ನು ಅಡಿವೆಯ್ಯ ಹೊಡೆಯಲಿ. ಆದರೆ ನಾನು ಹೇಳಿದ್ದನ್ನೆಲ್ಲ ನನ್ನ ಹೆಸರು ಹೇಳಿಯೇ ಓದಿರಿ. ಲಗಮಪ್ಪ ಹೇಳಿದ್ದು ಎಂದು ಜನಕ್ಕೆ ಕೇಳಬೇಕು. ಇದೊಂದನ್ನು ಮರೆಯಬೇಡಿರಿ.

ಲಗಮಪ್ಪ


ಹಳಿಯಾಳ
೨೫ ನವಂಬರ್ ೧೯೬೩

ಪೂಜ್ಯ ಲಗಮಪ್ಪನವರಿಗೆ ನಮಸ್ಕಾರಗಳು.

ಉತ್ತರಿಸಲು ತಡಮಾಡಿದೆ. ನಿನ್ನೆ ರವಿವಾರ ದಾಂಡೇಲಿಗೆ ಬಂದು ಕೊಡೆ ಕೊಡಬೇಕೆಂದಿದ್ದೆ, ಆಗಲಿಲ್ಲ. ಅದು ನನ್ನ ಬಳಿಯೇ ಇದೆ.

ಪಂಖಾದ ತೂತು ಇನ್ನೂ ಇದೆ. ಅದಕ್ಕೆ ಕಣ್ಣಿಡಲು ನಾನು ನೆಲದ ಮೇಲೆ ಮಲಗಬೇಕಾಯಿತು. ಜೇಲಿನ ಗೋಡೆಯ ಮೇಲಿನ ಹಳೆಯ ನಿಯಮಗಳ ಹಲಗೆಯನ್ನೂ ಓದಿದೆ. ಹೆಂಗಸರಿರುವಾಗ ಅವರ ಕೋಣೆಗೆ ಗಂಡಸು ವಾರ್ಡರ್ ಕಾಲಿಡುವಂತಿರಲಿಲ್ಲವಂತೆ. ಇವನ್ನು ಸುಮ್ಮನೆ ಬರೆದೆ. ಕೇಳುವುದೇನೂ ಇಲ್ಲ.

ಅಡಿವೆಯ್ಯ ತಾಸು ಹೊಡೆಯಲು ಒಪ್ಪುವುದಿಲ್ಲ. "ಲಗಮಣ್ಣ ಇರೂತನಕ ಆ ಕೊಡತಿ ನಾ ಮುಟ್ಟೂದಿಲ್ರಿ. ಕೊಡಿ ತಗೊಂಡಿದ್ದ ಸಾಕಾಗೇತಿ" ಎನ್ನುತ್ತಾನೆ. ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯಬಹುದು. ಸ್ಟ್ಯಾಂಡಿನಿಂದ ಕುರ್ಚಿಯಲ್ಲಿ ಎತ್ತಿ ತರಬಹುದು. ಕೊಡತಿ ಭಾರವಿಲ್ಲ. ಎಡಗೈಯಿಂದ ಹೊಡೆದರೂ ಸದ್ದು ಅದೇ ಬರುತ್ತದೆ. ನಾನು ಹೊಡೆದು ನೋಡಿದ್ದೇನೆ.

ನಾಗಲಿಂಗಪ್ಪ


ದಾಂಡೇಲಿ
೩ ಡಿಸೆಂಬರ್ ೧೯೬೩

ನಾಗಲಿಂಗಪ್ಪನವರಿಗೆ ಮಾಲವ್ವನ ನಮಸ್ಕಾರಗಳು.

ಎಡಗೈ ಎಂದು ಬರೆದಿದ್ದೀರಿ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಶ್ರಾವಣದಲ್ಲಿ ಅಪ್ಪನಿಗೆ ಜ್ವರ ಬಂದದ್ದಲ್ಲ, ಲಕ್ವಾ ಹೊಡೆಯಿತು. ಬಲಗೈ ಏಳುವುದಿಲ್ಲ. ಮಾತು ಹೋಗಿದೆ. ಆಮೇಲಿನ ಎರಡು ಪತ್ರಗಳು ನನ್ನವು. ಕಮಲಿಬಾಯಿಯ ಮಡಿಲಲ್ಲಿ ಮಲಗಿದವಳು, ಪಂಖಾದ ತೂತಿಗೆ ಕಣ್ಣಿಟ್ಟವಳು ನಾನೇ. ಕಟ್ಟುಕಥೆ ಒಂದೂ ಇಲ್ಲ. ಹೆಸರು ಮಾತ್ರ ಅಪ್ಪನದು.

ನೀವು ಬಂದುಹೋದ ರವಿವಾರ ಪಕ್ಕದ ಮನೆಯ ಗೋದುಬಾಯಿ ಕೇಳಿದಳು: "ಮಾಲವ್ವಾ, ಹೋಟೆಲ್ ಮುಂದ ಯಾರೋ ಹುಡುಗ ನಿಂತಿದ್ದನಲ್ಲ, ವಿಮಾದಾಂವ ಏನವಾ? ನಿಮ್ಮ ಮನಿನ ನೋಡಾಕತ್ತಿದ್ದ. ಬಿಸಲಾಗ ಕೊಡಿ ಐತಿ, ಬಿಚ್ಚಿಲ್ಲ ನೋಡು!" ಯಾವ ಕೊಡೆ ಎಂದೆ. ಹಿಡಿಗೆ ಕೆಂಪು ದಾರ ಎಂದಳು. ಆ ದಾರ ಸುತ್ತಿದವಳು ನಮ್ಮವ್ವ.

ನಿಮ್ಮ ಜುಲೈ ಪತ್ರ ಬಂದಾಗ ಅಪ್ಪ ಆರಾಮಿದ್ದರು. ಉತ್ತರ ಹೇಳಬೇಕೆನ್ನುವಷ್ಟರಲ್ಲಿ ಹೀಗಾಯಿತು. ಒಂದು ದಿನ ಆ ಪತ್ರವನ್ನು ಮತ್ತೆ ಓದಿ ಹೇಳಿದೆ. ಅಡಿವೆಯ್ಯನ ಕೊಡೆಯ ಮಾತಿಗೆ ಅಪ್ಪನ ಹೊಟ್ಟೆ ಕುಲುಕಿತು. ಅಷ್ಟು ದಿನದಲ್ಲಿ ಅದು ಮೊದಲ ನಗು. ಮನೆಗೆ ಬಂದವರೆಲ್ಲ ಅವರ ಎದುರೇ, "ಈಗೇನು ತಿಳೀತೈತೇನವಾ ಇವರಿಗೆ?" ಎಂದು ಕೇಳುತ್ತಾರೆ. ನೀವೊಬ್ಬರು ಅವರನ್ನು ಪ್ರಶ್ನೆ ಕೇಳುತ್ತಿದ್ದಿರಿ. ನಿಜ ಬರೆದರೆ ಅದೂ ನಿಲ್ಲುತ್ತದೆ ಎನಿಸಿತು.

ದಿನ ಬೆಳಗಾದರೆ ಗೂಟದ ರುಮಾಲು ತೋರಿಸುತ್ತಾರೆ. ಬರುವ ಆಸೆ ಅವರಿಗಿದೆ. ನನ್ನ ಅಣ್ಣ ಮಹಾಂತಪ್ಪ ಗಿರಣಿಯಿಂದ ಬಂದವನು ಕೇಳಿ ಸಿಡುಕಿದ: "ಬಾಯಿ ಸೊಟ್ಟ ಆದ ಅಪ್ಪನ್ನ ಸಭಾದಾಗ ನಿಲ್ಲಿಸಿ ಮಂದಿ ಕಡಿಂದ ಅಯ್ಯೋ ಪಾಪ ಅನಿಸೂದೇನು?" ಅವನದು ಕೆಟ್ಟ ಮನಸ್ಸಲ್ಲ. ನನಗೂ ಅದೇ ಹೆದರಿಕೆ. ಏನು ಮಾಡಲಿ, ತಿಳಿಯದು.

(ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಎಡಗೈಯಿಂದ ನನ್ನ ತಲೆಗೆ ಮೊಟಕಿದರು.)

ಮಾಲವ್ವ


ಹಳಿಯಾಳ
೧೨ ಡಿಸೆಂಬರ್ ೧೯೬೩

ಮಾಲವ್ವನವರಿಗೆ ನಮಸ್ಕಾರಗಳು.

ಬಂದಿದ್ದೆ. ನಿಮ್ಮ ಬಾಗಿಲಿಗೆ ಬರುವಷ್ಟು ಧೈರ್ಯ ಸಾಲಲಿಲ್ಲ. ನೀವು ತಂದೆಯವರಿಗೆ ಬಟ್ಟಲಿನಿಂದ ಗಂಜಿ ಕುಡಿಸುತ್ತಿದ್ದಿರಿ. ಉದ್ದಕ್ಕೂ ಮಾತಾಡುತ್ತಲೇ ಇದ್ದಿರಿ. ಉತ್ತರ ಬಂದ ಹಾಗೆ ನಡುನಡುವೆ ನಗುತ್ತಿದ್ದಿರಿ. ನಾನು ಅಲ್ಲಿ ಕಾಲಿಟ್ಟಿದ್ದರೆ ಆ ಮಾತು ನಿಲ್ಲುತ್ತಿತ್ತು.

ಅಡಿವೆಯ್ಯ ಬರುವ ರವಿವಾರ ಮಹಾಂತಪ್ಪನವರ ಹತ್ತಿರ ಮಾತಾಡಲು ತಾನಾಗಿ ಹೊರಟಿದ್ದಾನೆ. ಹೇಳುವುದನ್ನು ನನ್ನ ಎದುರು ರೂಢಿ ಮಾಡಿದ: "ಮಹಾಂತಾ, ನಿಮ್ಮಪ್ಪ ಬಾಯಿಲೆ ತಾಸು ಹೊಡೀತಿದ್ದನೇನೋ? ಕೈಲೆ ಹೊಡೀತಿದ್ದ. ಒಂದು ಕೈ ಐತಲ್ಲ!" ಕೊಡೆಯನ್ನೂ ತರುತ್ತಾನೆ.

ನಾಲ್ಕು ಪುಟ ಬರೆದಾಯಿತು. ಅದರಲ್ಲಿ ಆನೆಗಳು, ಡೇರೆಯ ಕೈದಿಗಳು ಲಗಮಪ್ಪನವರು ಹೇಳಿದ್ದು. ಕನ್ನಡಿಯ ಬೆಳಕು, ಸಾಹೇಬರ ಕಾಲುಗಳು ನೀವು ಹೇಳಿದ್ದು. ಹಾಗೆಂದೇ ಓದಲು ನನಗೆ ಒಪ್ಪಿಗೆ ಕೊಡಿರಿ.

ಇನ್ನೊಂದು. ಚರಿತ್ರೆ ಮುಗಿಯಿತು, ಪತ್ರ ಬರೆಯಲು ಇನ್ನು ನೆವವಿಲ್ಲ. ನೆವವಿಲ್ಲದೆ, ನಿಮ್ಮ ಹೆಸರಿಗೆ ಬರೆಯಬಹುದೇ?

ನಾಗಲಿಂಗಪ್ಪ


ದಾಂಡೇಲಿ
೧೯ ಜನವರಿ ೧೯೬೪

ನಾಗಲಿಂಗಪ್ಪನವರಿಗೆ ಮಾಲವ್ವನ ನಮಸ್ಕಾರಗಳು.

ನಿಮ್ಮ ಪತ್ರಕ್ಕೆ ಉತ್ತರ ಬರೆಯದೆ ನೇರವಾಗಿ ಬಂದುಬಿಟ್ಟೆವು. ಅಲ್ಲಿ ಮಾತಾಡಲು ಆಗಲೂ ಇಲ್ಲ. ನೀವು ನನ್ನನ್ನು ಬಿಟ್ಟು ಉಳಿದವರೆಲ್ಲರಿಗೂ ನೀರು ಕೊಟ್ಟಿರಿ.

ನೀವು ಓದಿದ್ದು ಚೆನ್ನಾಗಿತ್ತು. ಹಿಂದಿನ ಸಾಲಿನವರು "ಜೋರ ಓದ್ರೀ!" ಎಂದಾಗ ದನಿ ಇನ್ನೂ ಇಳಿಯಿತು. ಆದರೆ ನನ್ನ ಹೆಸರು ಬಂದ ಕಡೆ ಮಾತ್ರ ಜೋರಾಗಿ ಓದಿದಿರಿ. ನಮ್ಮಣ್ಣ ತಿರುಗಿ ನನ್ನನ್ನು ನೋಡಿದ. ಅಪ್ಪನ ಕುರ್ಚಿಯ ಮುಂದಿನ ಕಾಲು ಹಿಡಿದು ಹೊತ್ತವನು ಅವನೇ. ಹಿಂದಿನದನ್ನು ಅಡಿವೆಯ್ಯ ಹಿಡಿದಿದ್ದ. ದಾರಿಯುದ್ದಕ್ಕೂ ಇಬ್ಬರೂ ಜಗಳಾಡಿದರು.

ಅಪ್ಪ ಕೊಡತಿ ಎತ್ತಿದಾಗ ನಾನು ಕಣ್ಣು ಮುಚ್ಚಿದೆ. ಹತ್ತೂ ಪೆಟ್ಟು ಸರಿಯಾಗಿ ಬಿದ್ದವು. ಜನ ಚಪ್ಪಾಳೆ ಹೊಡೆಯುವವರಿದ್ದರು. ಅಷ್ಟರಲ್ಲಿ ಅಪ್ಪ ಉಸಿರು ತಡೆದು ಇನ್ನೊಂದು ಪೆಟ್ಟು ಹಾಕಿದರು, ಸಣ್ಣಗೆ. ನನ್ನ ಪಕ್ಕದವರು, "ಪಾಪ, ಮುದುಕಗ ಎಣಿಕಿ ತಪ್ಪಿತು" ಎಂದರು. ನೀವು ಕಾಗದ ಕೆಳಗಿಟ್ಟು ನನ್ನ ಕಡೆ ನೋಡಿದಿರಿ. ಹೊರಗೆ ಹುಣಸೆ ಮರದ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳು ಎದ್ದು ನಿಂತದ್ದನ್ನು ನಾನು ಕಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ: "ಅಪ್ಪಾ, ಜೇಲು ಖಾಲಿ ಐತಿ. ಯಾರನ್ನ ಬಿಟ್ಟಿ?"

ನನ್ನ ಬಲಗೈ ಅವರ ತೊಡೆಯ ಮೇಲಿತ್ತು. ಬೆರಳಿಗೆ ಮಸಿ ಹತ್ತಿತ್ತು. ಅಪ್ಪ ಆ ಕೈಯನ್ನು ಎಡಗೈಯಿಂದ ಎತ್ತಿ, ನನ್ನ ಮಡಿಲಲ್ಲೇ ಇಟ್ಟು, ಮೇಲೆ ಸಣ್ಣಗೆ ಒಂದು ಸಲ ತಟ್ಟಿದರು. ಸಾಂಬ್ರಾಣಿ ಊರು ದಾಟುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಇನ್ನು ಮುಂದೆ ಅಪ್ಪನ ಮಾತನ್ನು ನಾನು ಬರೆಯುವುದಿಲ್ಲ. ಅವರಿಗೆ ಅವರ ಮಾತು ಇದೆ. ತಾಸು ಲಿಲಾವಿನಲ್ಲಿ ಯಾರ ಪಾಲಾಯಿತೆಂದು ನಮಗೆ ತಿಳಿಸಬೇಡಿರಿ. ಬೇರೆ ಏನು ಬೇಕಾದರೂ ತಿಳಿಸಿರಿ. ನನ್ನ ಹೆಸರಿಗೇ ಬರೆಯಿರಿ.

ಕೊಡೆಯ ಕಥೆ ಹೇಳುವುದು ಮರೆತೆ. ಅಡಿವೆಯ್ಯ ಅದನ್ನು ಡಿಸೆಂಬರಿನಲ್ಲೇ ತಂದುಕೊಟ್ಟಿದ್ದ. ಸಭೆಯ ದಿನ ಅಪ್ಪ ಅದನ್ನು ಜೊತೆಗೆ ತಂದು, ಬಸ್ಸಿನ ಕಿಟಕಿಯಿಂದ ನಿಮ್ಮ ಕೈಗೆ ಯಾಕೆ ಕೊಟ್ಟರೆಂದು ತಿಳಿಯದೆ ನೀವು ಕಕ್ಕಾಬಿಕ್ಕಿಯಾಗಿ ನಿಂತಿದ್ದಿರಿ. ಅದು ಕೊಡುಗೆಯಲ್ಲ. ಮಳೆಗಾಲಕ್ಕೆ ಮೊದಲು ತಿರುಗಿ ತಂದುಕೊಡಬೇಕು. ಹೋಟೆಲಿನ ಮುಂದೆ ನಿಲ್ಲಬೇಡಿರಿ, ಬಾಗಿಲಿಗೆ ಬನ್ನಿರಿ.

(ಅಪ್ಪ ಪಕ್ಕದಲ್ಲೇ ಇದ್ದಾರೆ. ಕೊನೆಯ ಸಾಲನ್ನು ಎರಡು ಸಲ ಓದಿಸಿಕೊಂಡರು.)

ಮಾಲವ್ವ